ಮೂವರು ಗುರುಗಳು, ಒಬ್ಬನೇ ಲೇಖಕ

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗುರುಭಕ್ತಿ ಸತ್ತೇಹೋಯಿತು ಎಂದು ಗೊಣಗುವ ಹಿರಿಯರು ಸೆಪ್ಟೆಂಬರ್ ತಿಂಗಳಲ್ಲಿ ಯಾವುದಾದರೂ ಕಾಲೇಜಿನ ಎಚ್‌ಓಡಿ ಕೋಣೆಯ ಮುಂದೆ ಅರ್ಧ ಗಂಟೆ ನಿಂತು ಬರಬೇಕು. ಮೂರು ವರ್ಷದಿಂದ ಸರ್ ಎದುರು ಬಂದರೆ ಮೆಟ್ಟಿಲಿಳಿದು ಕ್ಯಾಂಟೀನಿನ ಕಡೆ ಜಾರುತ್ತಿದ್ದ ಹುಡುಗ ಈಗ ಇಸ್ತ್ರಿ ಮಾಡಿದ ಶರ್ಟು ತೊಟ್ಟು, ಕೈಯಲ್ಲೊಂದು ಪ್ಲಾಸ್ಟಿಕ್ ಫೈಲು ಹಿಡಿದು, ಗೋಡೆಗೂ ಒರಗದೆ ನಿಂತಿರುತ್ತಾನೆ. ಸರ್ ಹೊರಗೆ ಬಂದರೆ ನಮಸ್ಕಾರ, ಒಳಗೆ ಹೋದರೆ ಇನ್ನೊಂದು ನಮಸ್ಕಾರ. 5ನೇ ತಾರೀಖು ಶಿಕ್ಷಕರ ದಿನಾಚರಣೆ, 15ಕ್ಕೆ ವಿಶ್ವೇಶ್ವರಯ್ಯನವರ ಹುಟ್ಟಿದ ದಿನ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಮೆರಿಕದ ವಿಶ್ವವಿದ್ಯಾಲಯಗಳೂ ಮುಂದಿನ ವರ್ಷದ ಅರ್ಜಿಯ ಬಾಗಿಲು ತೆರೆಯುತ್ತವೆ. ಇವೆಲ್ಲ ಒಟ್ಟಿಗೆ ಬಂದದ್ದು ಕಾಕತಾಳೀಯ. ಭಕ್ತಿ ಮಾತ್ರ ಅಪ್ಪಟ.

ವಿಷಯ ಇಷ್ಟೇ. ಅಮೆರಿಕಕ್ಕೆ ಎಂಎಸ್ ಮಾಡಲು ಹೋಗುವವರು ಒಂದೊಂದು ವಿಶ್ವವಿದ್ಯಾಲಯಕ್ಕೂ ಸಾಮಾನ್ಯವಾಗಿ ಮೂರು ಶಿಫಾರಸು ಪತ್ರ ಕೊಡಿಸಬೇಕು. ಕಾರಿಡಾರಿನ ಭಾಷೆಯಲ್ಲಿ ಎಲ್‌ಓಆರ್. 2023-24ರಲ್ಲಿ ಅಮೆರಿಕದ ಲೆಕ್ಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳು 3,31,602 ಮಂದಿ; ಆ ವರ್ಷ ಚೀನಾವನ್ನೂ ಹಿಂದೆ ಹಾಕಿದೆವು. ಅವರಲ್ಲಿ 1,96,567 ಮಂದಿ ಪದವಿ ಮುಗಿಸಿಕೊಂಡು ಮುಂದಿನ ಓದಿಗೆ ಹೋದವರು. ಒಬ್ಬೊಬ್ಬರು ಏಳೆಂಟು ಕಡೆ ಅರ್ಜಿ ಹಾಕಿರುತ್ತಾರೆ, ಒಂದೊಂದು ಅರ್ಜಿಗೂ ಮೂರು ಪತ್ರ. ಸೀಟು ಸಿಗದೆ ಇಲ್ಲೇ ಉಳಿದವರ ಪತ್ರಗಳು ಈ ಲೆಕ್ಕಕ್ಕೆ ಸೇರಿಲ್ಲ. ಕಾಫಿ, ರೇಷ್ಮೆ, ಸಾಫ್ಟ್‌ವೇರ್ ರಫ್ತಿನ ಬಗ್ಗೆ ಸಭೆ ಮಾಡುವ ನಮ್ಮ ಸರ್ಕಾರಗಳಿಗೆ ಇಷ್ಟೊಂದು ಪ್ರಶಂಸೆ ನಮ್ಮ ನೆಲದಲ್ಲೇ ತಯಾರಾಗಿ ಸಾಗರ ದಾಟುತ್ತಿದೆ ಎಂಬುದು ಇನ್ನೂ ತಿಳಿದಂತಿಲ್ಲ.

ಈ ಪತ್ರ ಬರೆಯಲು ಯಾವ ಮೇಷ್ಟ್ರನ್ನು ಆರಿಸಬೇಕು ಎಂಬುದೊಂದು ಶಾಸ್ತ್ರ. ಅಮೆರಿಕದ ವಿಶ್ವವಿದ್ಯಾಲಯಗಳು ತಮ್ಮ ಜಾಲತಾಣದಲ್ಲಿ ‘ನಿಮ್ಮನ್ನು ಹತ್ತಿರದಿಂದ ಬಲ್ಲವರನ್ನು ಆರಿಸಿ’ ಎಂದು ಬರೆದುಕೊಂಡಿರುತ್ತವೆ. ಪಾಪ, ದೂರದಲ್ಲಿರುವವರು, ಅವರಿಗೆ ಅಷ್ಟು ತಿಳಿಯುವುದಿಲ್ಲ. ನಮ್ಮ ಸೀನಿಯರುಗಳು ತಲೆಮಾರಿನಿಂದ ತಲೆಮಾರಿಗೆ ದಾಟಿಸಿಕೊಂಡು ಬಂದಿರುವ ಮೊದಲ ಸೂತ್ರವೇ ಬೇರೆ: ಮುಖ ನೋಡಬೇಡ, ಬಾಗಿಲ ಮೇಲಿನ ಬೋರ್ಡು ನೋಡು. ಬೋರ್ಡಿನಲ್ಲಿ ‘ಪ್ರೊಫೆಸರ್ ಅಂಡ್ ಹೆಡ್’ ಎಂದಿರಬೇಕು. ಹೆಸರಿನ ಹಿಂದೆ ‘ಡಾ.’ ಇರಬೇಕು. ಹೆಸರಿನ ಮುಂದೆ ಬಾಲದಂತೆ ಎರಡು ಮೂರು ಡಿಗ್ರಿ ಇದ್ದರೆ ಇನ್ನೂ ಲಕ್ಷಣ. ವಿದೇಶದಲ್ಲಿ ಪಿಎಚ್‌ಡಿ ಮಾಡಿ ಬಂದವರು ಸಿಕ್ಕರಂತೂ ಜಾತಕ ಕೂಡಿಬಂದಂತೆಯೇ.

ಸರ್‌ಗೆ ಹುಡುಗನ ಹೆಸರು ಗೊತ್ತಿದೆಯೇ ಎಂಬುದು ಅಪ್ರಸ್ತುತ. ಯುಎಸ್‌ಎನ್ ಎಂಬ ನೋಂದಣಿ ಸಂಖ್ಯೆ ಹೇಳಿದರೆ ಸಾಕು, ಕೊನೆಯ ಮೂರು ಅಂಕಿಯಲ್ಲಿ ಇಡೀ ವ್ಯಕ್ತಿತ್ವ ಅಡಗಿದೆ. ಹಾಗೆ ನೋಡಿದರೆ ಇಬ್ಬರ ನಡುವೆ ಹಳೆಯ ಒಡನಾಟವೂ ಉಂಟು. ಮೂರನೇ ಸೆಮಿಸ್ಟರಿನಲ್ಲಿ ಅಟೆಂಡೆನ್ಸ್ ಶಾರ್ಟೇಜ್ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದಾಗ ಹುಡುಗ ಜ್ವರದ ಸರ್ಟಿಫಿಕೇಟು ತೆಗೆದುಕೊಂಡು ಇದೇ ಕೋಣೆಗೆ ಬಂದಿದ್ದ. ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಡಾಕ್ಟರ ಸಹಿಯ ಮೇಲಿನ ತಾರೀಖನ್ನು ಎರಡು ಸಲ ಓದಿ, ತಲೆ ಅಲ್ಲಾಡಿಸಿ ಸೈನ್ ಹಾಕಿದ್ದರು. ಮೊನ್ನೆ ಹೋದ ಶಿಫಾರಸಿನಲ್ಲಿ ‘ನಾಲ್ಕು ವರ್ಷಗಳಿಂದ ಈತನನ್ನು ಅತಿ ಸಮೀಪದಿಂದ ಬಲ್ಲೆ’ ಎಂದು ಬರೆದಿರುವುದು ಈ ಘಟನೆಯ ಆಧಾರದ ಮೇಲೆಯೇ.

ಯಾರನ್ನು ಆರಿಸಬಾರದು ಎಂಬುದು ಇನ್ನೂ ಸೂಕ್ಷ್ಮ. ಐದನೇ ಸೆಮಿಸ್ಟರಿನಲ್ಲಿ ಲ್ಯಾಬ್ ತೆಗೆದುಕೊಂಡ ಮ್ಯಾಮ್ ಇದ್ದಾರಲ್ಲ, ಅವರ ಹತ್ತಿರ ಸುಳಿಯಲೇಬಾರದು. ಬೋರ್ಡು ಎಷ್ಟು ಹೊತ್ತಾದರೂ ಔಟ್‌ಪುಟ್ ಕೊಡದಿದ್ದಾಗ, ಕಾಲೇಜು ಬಸ್ಸು ಹೋದ ಮೇಲೂ ಪಕ್ಕದ ಸ್ಟೂಲಿನಲ್ಲಿ ಕೂತು, ಒಂದೊಂದೇ ವೈರು ಬಿಚ್ಚಿಸಿ, ಮತ್ತೆ ಒಂದೊಂದೇ ಚುಚ್ಚಿಸಿ, ‘ಗ್ರೌಂಡೇ ಕೊಟ್ಟಿಲ್ವಲ್ಲ ಮ್ಯಾಮ್’ ಎಂದು ಕೊನೆಗೆ ಹುಡುಗನ ಬಾಯಿಂದಲೇ ಹೊರಡಿಸಿದವರು ಅವರು. ಪಕ್ಕದವನ ಗ್ರಾಫ್ ನೋಡಿ ರೆಕಾರ್ಡು ತುಂಬಿಸಿದ್ದನ್ನು ಹಿಡಿದು ಎರಡನೇ ಸಲ ಬರೆಸಿದವರೂ ಅವರೇ. ಇನ್ನೊಂದು ತಿಂಗಳ ಮೇಲೆ ಅದೇ ಹುಡುಗ ಯಾರೂ ಹೇಳದೆ ಕೋಡನ್ನು ಅರ್ಧಕ್ಕರ್ಧ ಚಿಕ್ಕದು ಮಾಡಿ ತಂದು ತೋರಿಸಿದಾಗ, ಮಿಕ್ಕವರನ್ನೆಲ್ಲ ಕರೆದು ನೋಡಲು ಹೇಳಿದವರೂ ಅವರೇ. ಇಂಥವರ ಕೈಗೆ ಪತ್ರ ಕೊಟ್ಟರೆ ಇದನ್ನೆಲ್ಲ ಬರೆದುಬಿಡುತ್ತಾರೆ! ಹುಡುಗ ಮೊದಲು ಕಾಪಿ ಹೊಡೆದ, ಆಮೇಲೆ ಕಲಿತ, ಸಿಟ್ಟು ಜಾಸ್ತಿ, ಹಿಡಿದ ಕೆಲಸ ಬಿಡುವುದಿಲ್ಲ ಎಂದೆಲ್ಲ ಎರಡು ಪುಟ ಆಗಬಹುದು. ಓದಿದವರ ಕಣ್ಣ ಮುಂದೆ ಒಬ್ಬ ನಿಜವಾದ ಹುಡುಗ ಬಂದು ನಿಂತುಬಿಡುತ್ತಾನೆ. ಅಂಥ ಅಪಾಯವನ್ನು ಯಾರು ಮೈಮೇಲೆ ಎಳೆದುಕೊಳ್ಳುತ್ತಾರೆ? ಅಲ್ಲದೆ ಮ್ಯಾಮ್ ಇನ್ನೂ ಅಸಿಸ್ಟೆಂಟ್ ಪ್ರೊಫೆಸರ್. ಪಿಎಚ್‌ಡಿಗೆ ರಿಜಿಸ್ಟರ್ ಆಗಿದೆ, ಅಷ್ಟೆ. ಅವರಿಗೆ ಸ್ವಂತ ಕೋಣೆ ಇಲ್ಲ. ಸ್ಟಾಫ್ ರೂಮಿನಲ್ಲಿ ಮೂವರ ಜೊತೆ ಒಂದು ಟೇಬಲ್ಲು. ಅಲ್ಲಿ ಕೂತು ಬರೆದ ಹೊಗಳಿಕೆಗೆ ತೂಕವೆಲ್ಲಿಂದ ಬರಬೇಕು?

ಎರಡನೆಯ ಗುರುಗಳು ಪ್ರಾಜೆಕ್ಟ್ ಗೈಡ್. ನಾಲ್ವರ ತಂಡದ ಪ್ರಾಜೆಕ್ಟಿನಲ್ಲಿ ಒಬ್ಬ ಮಾಡಿದ, ಒಬ್ಬ ಎಸ್.ಪಿ. ರೋಡಿಗೆ ಹೋಗಿ ಸೆನ್ಸರ್ ತಂದ, ಒಬ್ಬ ಬೈಂಡಿಂಗ್ ಮಾಡಿಸಿದ, ನಾಲ್ಕನೆಯವನು ವೈವಾದಲ್ಲಿ ಮಾತಾಡಿದ. ಗೈಡ್ ನಾಲ್ವರಿಗೂ ಪತ್ರ ಕೊಟ್ಟರು. ನಾಲ್ಕರಲ್ಲೂ ‘ತಂಡದ ನಾಯಕತ್ವ ವಹಿಸಿದ್ದು ಈತನೇ’ ಎಂದಿತ್ತು. ನಾಲ್ವರು ನಾಯಕರಿದ್ದೂ ಹೊಡೆದಾಡಿಕೊಳ್ಳದೆ ಸೆಮಿಸ್ಟರ್ ಮುಗಿಸಿದ ತಂಡ ನಮ್ಮ ವಿಧಾನಸೌಧದಲ್ಲಿಯೂ ಕಾಣಸಿಗುವುದಿಲ್ಲ.

ಮೂರನೆಯವರ ವಿಷಯದಲ್ಲಿ ಪಂಥಭೇದಗಳಿವೆ. ಕೆಲವರು ಕಂಪನಿ ಮ್ಯಾನೇಜರು ಎನ್ನುತ್ತಾರೆ, ಕೆಲವರು ಪ್ರಿನ್ಸಿಪಾಲರು ಎನ್ನುತ್ತಾರೆ, ಸೋದರಮಾವನ ಬೀಗರು ಇನ್ನೊಂದು ಕಾಲೇಜಿನಲ್ಲಿ ಡೀನ್ ಆಗಿದ್ದರೆ ಅದೂ ನಡೆಯುತ್ತದೆ. ಮುಂದೆ ಹೋಗೋಣ.

ಈ ಆರಾಧನೆಯ ಗರ್ಭಗುಡಿ ಇರುವುದು ಆಮೇಲೆ. ಹುಡುಗ ನಡುಗುವ ದನಿಯಲ್ಲಿ, ‘ಸರ್, ಎಲ್‌ಓಆರ್...’ ಎನ್ನುತ್ತಾನೆ. ಸರ್ ಬ್ಲೂ ಬುಕ್ಕಿನ ರಾಶಿಯಿಂದ ತಲೆ ಎತ್ತದೆ ಕೇಳುತ್ತಾರೆ:

‘ಎಷ್ಟು ಯೂನಿವರ್ಸಿಟಿ?’

‘ಎಂಟು, ಸರ್.’

‘ಎಂಟಾ? ನೀನೇ ಡ್ರಾಫ್ಟ್ ಮಾಡ್ಕೊಂಡು ಬಾರಪ್ಪ. ನೋಡಿ ಕಳಿಸ್ತೀನಿ.’

ಈ ಒಂದು ಮಾತಿನಲ್ಲಿ ಶಿಕ್ಷಣದ ಪರಮ ಗುರಿಯೇ ಇದೆ. ಶಿಷ್ಯ ಸ್ವಾವಲಂಬಿಯಾಗಬೇಕು, ತನ್ನನ್ನು ತಾನು ಅರಿಯಬೇಕು ಎಂದು ಎಲ್ಲ ಪಂಥದ ಹಿರಿಯರೂ ಹೇಳಿದ್ದೇ ಇದನ್ನು. ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಲು ದೇವರು ಕೊಟ್ಟ ಎರಡು ಕೈ ಸರಿಯಾಗಿ ನಿಲುಕುವುದಿಲ್ಲ. ಅದಕ್ಕೇ ಮೂವರು ಹಿರಿಯರ ಕೈ ಎರವಲು ಪಡೆಯುವ ಈ ವ್ಯವಸ್ಥೆ. ಸರ್ ಸೋಮಾರಿ ಎಂದು ಯಾರೂ ತಿಳಿಯಬಾರದು. ಅವರಿಗೆ ಎರಡು ಥಿಯರಿ, ಎರಡು ಲ್ಯಾಬು, ನ್ಯಾಕ್ ಕಮಿಟಿಯ ಫೈಲು, ವ್ಯಾಲ್ಯುವೇಷನ್ ಡ್ಯೂಟಿ, ಅಡ್ಮಿಷನ್ ಸಮಯದಲ್ಲಿ ಪಿಯು ಕಾಲೇಜುಗಳಿಗೆ ಹೋಗಿ ಪ್ರಚಾರ ಮಾಡುವ ಕೆಲಸ. ನಲವತ್ತು ಹುಡುಗರು ಎಂಟೆಂಟು ಲಿಂಕು ಕಳಿಸಿದರೆ 320 ಆಯಿತು. ಇಷ್ಟಕ್ಕೂ ಈ ಬರವಣಿಗೆಗೆ ಅವರಿಗೆ ಒಂದು ರೂಪಾಯಿ ಸಂಬಳವಿಲ್ಲ, ಅಪ್ರೈಸಲ್ ಫಾರಮ್ಮಿನಲ್ಲಿ ಅದಕ್ಕೊಂದು ಕಾಲಮ್ಮೂ ಇಲ್ಲ. ಈ ಪ್ಯಾರಾದಲ್ಲಿ ಇಷ್ಟು ಮಾತ್ರ ನಾನು ತಮಾಷೆಯಿಲ್ಲದೆ ಹೇಳುತ್ತಿದ್ದೇನೆ.

ಹುಡುಗ ಕೋಣೆಗೆ ಬಂದು ಲ್ಯಾಪ್‌ಟಾಪ್ ತೆರೆಯುತ್ತಾನೆ. ಮೂವರು ಗುರುಗಳಾಗಿ ಬರೆಯಬೇಕು, ಆದರೆ ಒಬ್ಬನೇ ಬರೆದನೆಂದು ತಿಳಿಯಬಾರದು. ಮೊದಲ ಪತ್ರಕ್ಕೆ ಟೈಮ್ಸ್ ನ್ಯೂ ರೋಮನ್, ಎರಡನೆಯದಕ್ಕೆ ಕ್ಯಾಲಿಬ್ರಿ, ಮೂರನೆಯದಕ್ಕೆ ಜಾರ್ಜಿಯಾ. ಎಚ್‌ಓಡಿ ಸರ್ ಇಂಗ್ಲೆಂಡಿನ ಕಾಗುಣಿತ ಬಳಸುತ್ತಾರೆ, ಗೈಡ್ ಅಮೆರಿಕದ್ದು. ಅರವತ್ತರ ಹತ್ತಿರದ ಪ್ರಿನ್ಸಿಪಾಲರ ಪತ್ರದಲ್ಲಿ ಬೇಕೆಂದೇ ಒಂದು ಉದ್ದ ವಾಕ್ಯ, ನಡುವೆ ಒಂದು ಸಣ್ಣ ವ್ಯಾಕರಣದ ತಪ್ಪು. ಇಲ್ಲದಿದ್ದರೆ ಸಹಜ ಅನ್ನಿಸುವುದಿಲ್ಲವಲ್ಲ. ನಾಲ್ಕು ವರ್ಷ ಕನ್ನಡ, ಇಂಗ್ಲಿಷ್ ಕಥೆ ಕಾದಂಬರಿಗಳ ಗಾಳಿಯೇ ಸೋಕದೆ ಬೆಳೆದ ಹುಡುಗ ಒಂದೇ ರಾತ್ರಿಯಲ್ಲಿ ಪಾತ್ರಸೃಷ್ಟಿ, ನಿರೂಪಣೆ, ಧ್ವನಿಭೇದ ಎಲ್ಲವನ್ನೂ ಸಾಧಿಸುತ್ತಾನೆ. ನಮ್ಮ ಸಾಹಿತ್ಯ ಪರಿಷತ್ತು ಈ ಪ್ರತಿಭೆಗಳ ಕಡೆ ಕಣ್ಣೆತ್ತಿ ನೋಡಿಲ್ಲ. ಈಚೆಗೆ ಚಾಟ್‌ಜಿಪಿಟಿ ಬಂದು ಈ ಸೃಜನಶೀಲತೆಗೆ ಸ್ವಲ್ಪ ಕುಂದಾಗಿರುವುದು ನಿಜ. ಬೆಳಗಾವಿಯ ಹುಡುಗ, ಪುತ್ತೂರಿನ ಹುಡುಗಿ, ತುಮಕೂರಿನ ಇನ್ನೊಬ್ಬ, ಎಲ್ಲರೂ ಈಗ ಒಂದೇ ಬಗೆಯ ‘ಅಚಲ ಬದ್ಧತೆ’ ಮತ್ತು ‘ಅದಮ್ಯ ಕುತೂಹಲ’ದಿಂದ ಕೂಡಿದವರಾಗಿದ್ದಾರೆ. ರಾಜ್ಯದ ಏಕೀಕರಣ ಇಷ್ಟು ಪೂರ್ತಿಯಾಗಿ 1956ರಲ್ಲೂ ಆಗಿರಲಿಲ್ಲ.

ಮೊದಲಿನ ಪದ್ಧತಿಯಲ್ಲಿ ಸರ್ ಹತ್ತಿರ ಒಂದು ಫೈಲು ಇರುತ್ತಿತ್ತು. ಹೆಸರು ಬದಲಿಸಿದರೆ ಸಾಕಿತ್ತು. ಮೊದಲ ಪ್ಯಾರಾದಲ್ಲಿ ಈ ವರ್ಷದ ಹುಡುಗಿ, ಮೂರನೇ ಪ್ಯಾರಾದಲ್ಲಿ ಕಳೆದ ವರ್ಷದ ಹುಡುಗ ಇಣುಕುತ್ತಿದ್ದದ್ದೂ ಉಂಟು. ಒಂದೇ ಪತ್ರದಲ್ಲಿ ಇಬ್ಬರು ಅಭ್ಯರ್ಥಿಗಳನ್ನು ಅರ್ಧನಾರೀಶ್ವರನಂತೆ ಪ್ರತಿಷ್ಠಾಪಿಸುವ ಆ ಉದಾರತೆ ಈಗ ಎಲ್ಲಿದೆ!

ಹಿಂದಿನವರಿಗೆ ಈ ಕಲೆ ಗೊತ್ತಿರಲಿಲ್ಲ ಎಂಬುದಕ್ಕೆ ಎರಡು ದಾಖಲೆ ಕೊಡುತ್ತೇನೆ. ಮದ್ರಾಸಿನ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ ಮೂವತ್ತು ರೂಪಾಯಿಯ ಗುಮಾಸ್ತನಾಗಿದ್ದ ಶ್ರೀನಿವಾಸ ರಾಮಾನುಜನ್ 1913ರ ಜನವರಿ 16ರಂದು ಕೇಂಬ್ರಿಜ್‌ನ ಗಣಿತಜ್ಞ ಹಾರ್ಡಿಗೆ ಒಂದು ಪತ್ರ ಬರೆದರು. ತಾನು ಗುಮಾಸ್ತ, ವಿಶ್ವವಿದ್ಯಾಲಯದ ಓದು ಆಗಿಲ್ಲ ಎಂದು ಆರಂಭದಲ್ಲೇ ಒಪ್ಪಿಕೊಂಡು, ಜೊತೆಗೆ ಪುಟಗಟ್ಟಲೆ ಪ್ರಮೇಯಗಳನ್ನು ಇಟ್ಟರು. ಎಂಥ ಅನನುಭವ ನೋಡಿ. ತನ್ನ ಬಗ್ಗೆ ತಾನೇ ಬರೆದದ್ದು ಸರಿಯೇ, ಅದು ನಮ್ಮ ಹುಡುಗರೂ ಮಾಡುತ್ತಾರೆ. ಆದರೆ ಕೆಳಗೆ ತನ್ನದೇ ಹೆಸರು ಹಾಕಿಬಿಟ್ಟರು! ಪ್ರೆಸಿಡೆನ್ಸಿ ಕಾಲೇಜಿನ ಗಣಿತದ ಪ್ರಾಧ್ಯಾಪಕ ಮಿಡಲ್‌ಮಾಸ್ಟ್ ಹಿಂದಿನ ವರ್ಷವಷ್ಟೇ ಅವರ ಗುಮಾಸ್ತಿಕೆಗೆ ಶಿಫಾರಸು ಕೊಟ್ಟಿದ್ದರು. ಅವರ ಹತ್ತಿರ ಹೋಗಿ ‘ಸರ್, ಡ್ರಾಫ್ಟ್ ತಂದಿದ್ದೇನೆ’ ಎನ್ನಬಹುದಿತ್ತು. ಹುಡುಗರಿಗೆ ವಿದೇಶದ ಅರ್ಜಿ ಹಾಕಿಸಿಕೊಡುವ ನಮ್ಮ ಕನ್ಸಲ್ಟೆನ್ಸಿಯವರು ಅಂದು ಕುಂಭಕೋಣದಲ್ಲಿ ಒಂದು ಬ್ರಾಂಚ್ ತೆರೆದಿದ್ದರೆ ಗಣಿತದ ಇತಿಹಾಸ ಬೇರೆಯಾಗುತ್ತಿತ್ತು.

ಇನ್ನೊಂದು ಪ್ರಕರಣ 1948ರದು. ಅಮೆರಿಕದ ಕಾರ್ನೆಗಿ ಟೆಕ್‌ನಲ್ಲಿ ರಿಚರ್ಡ್ ಡಫಿನ್ ಎಂಬ ಪ್ರಾಧ್ಯಾಪಕರು ಪ್ರಿನ್ಸ್‌ಟನ್ನಿಗೆ ಅರ್ಜಿ ಹಾಕಿದ್ದ ಶಿಷ್ಯನಿಗೆ ಪತ್ರ ಕೊಟ್ಟರು. ನಾಲ್ಕೈದು ಸಾಲು. ಹುಡುಗನಿಗೆ ಹತ್ತೊಂಬತ್ತು ವರ್ಷ, ಜೂನ್‌ನಲ್ಲಿ ಪದವಿ ಮುಗಿಯುತ್ತದೆ, ಈತ ಗಣಿತದ ಮೇಧಾವಿ ಎಂದು ಬರೆದು ಮುಗಿಸಿಬಿಟ್ಟರು. ಹುಡುಗನ ಹೆಸರು ಜಾನ್ ನ್ಯಾಶ್; 1994ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಬಂದಿರಬಹುದು. ಆದರೆ ಪತ್ರದಲ್ಲಿ ನಾಯಕತ್ವವಿಲ್ಲ, ತಂಡದ ಮನೋಭಾವವಿಲ್ಲ, ಕಾಲೇಜು ಫೆಸ್ಟಿನಲ್ಲಿ ರಂಗೋಲಿ ಸ್ಪರ್ಧೆ ಸಂಘಟಿಸಿದ ಉಲ್ಲೇಖವಿಲ್ಲ. ಜಯನಗರದ ಯಾವ ಕನ್ಸಲ್ಟೆಂಟೂ ಇದನ್ನು ಪಾಸು ಮಾಡುವುದಿಲ್ಲ. ‘ಎರಡನೇ ಪ್ಯಾರಾ ಎಲ್ಲಿ?’ ಎಂದು ವಾಪಸು ಕಳಿಸುತ್ತಾರೆ.

ಶಿಫಾರಸು ಕೇಳುವ ಈ ಪದ್ಧತಿಗೆ ಇತಿಹಾಸದ ಬೆಂಬಲವೂ ಇದೆ. 1920ರ ದಶಕದಲ್ಲಿ ಹಾರ್ವರ್ಡಿನ ಅಧ್ಯಕ್ಷ ಲೊವೆಲ್ ಅವರಿಗೆ ಒಂದು ಚಿಂತೆ ಹತ್ತಿತು: ಬರೀ ಅಂಕ ನೋಡಿ ಸೀಟು ಕೊಟ್ಟರೆ ಯೆಹೂದಿ ಹುಡುಗರು ಹೆಚ್ಚಾಗುತ್ತಿದ್ದಾರೆ. ಪರೀಕ್ಷೆಯಲ್ಲಿ ಅವರನ್ನು ತಡೆಯಲಾಗುವುದಿಲ್ಲ. ಹಾಗಾಗಿ ‘ಶೀಲ’ವನ್ನೂ ನೋಡೋಣ ಎಂದಾಯಿತು, ಅರ್ಜಿಗೆ ಫೋಟೋ ಬಂತು, ತಾಯಿಯ ತವರಿನ ಹೆಸರು ಬಂತು, ಶೀಲದ ಬಗ್ಗೆ ಹಿರಿಯರ ಅಭಿಪ್ರಾಯಕ್ಕೆ ಬೆಲೆ ಬಂತು. ಒಬ್ಬನ ಯೋಗ್ಯತೆಯನ್ನು ಅಂಕಕ್ಕಿಂತ ಆಳವಾಗಿ ಅರಿಯಬೇಕೆಂಬ ಹಂಬಲ ಅಲ್ಲಿ ಇಂಥ ಪವಿತ್ರ ಕಾರಣದಿಂದ ಬಲವಾಯಿತೆಂದು ತಿಳಿದರೆ ಯಾರಿಗೆ ತಾನೆ ಭಕ್ತಿ ಹೆಚ್ಚುವುದಿಲ್ಲ.

ಆಮೇಲೆ 1974ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ವಿದ್ಯಾರ್ಥಿಗೆ ತನ್ನ ಬಗ್ಗೆ ವಿದ್ಯಾಸಂಸ್ಥೆ ಇಟ್ಟಿರುವ ದಾಖಲೆಗಳನ್ನು ನೋಡುವ ಹಕ್ಕು ಬಂತು. ಶಿಫಾರಸು ಪತ್ರದ ಮಟ್ಟಿಗೆ ಆ ಹಕ್ಕನ್ನು ಬಿಟ್ಟುಕೊಡುವ ಅವಕಾಶವನ್ನೂ ಇಟ್ಟರು. ಹಕ್ಕು ಬಿಟ್ಟುಕೊಟ್ಟರೆ ಮೇಷ್ಟ್ರು ನಿರ್ಭಿಡೆಯಿಂದ ಬರೆಯುತ್ತಾರೆ, ಓದುವವರೂ ನಂಬುತ್ತಾರೆ ಎಂಬುದು ಲೆಕ್ಕ. ಅರ್ಜಿಯಲ್ಲಿ ಅದಕ್ಕೊಂದು ಚೌಕ ಇರುತ್ತದೆ. ನಮ್ಮ ಹುಡುಗ ರಾತ್ರಿ ಎರಡು ಗಂಟೆಗೆ ಮೂರು ಪತ್ರವನ್ನೂ ತಿದ್ದಿ ಮುಗಿಸಿ, ಕಾಗುಣಿತ ನೋಡಿ, ಪಿಡಿಎಫ್ ಮಾಡಿ, ಆಮೇಲೆ ಆ ಚೌಕವನ್ನು ಒತ್ತುತ್ತಾನೆ: ‘ನನ್ನ ಬಗ್ಗೆ ಏನು ಬರೆಯಲಾಗಿದೆ ಎಂದು ನೋಡುವ ಹಕ್ಕನ್ನು ನಾನು ತ್ಯಜಿಸುತ್ತೇನೆ.’ ತಾನೇ ಬರೆದದ್ದನ್ನು ಇನ್ನೆಂದೂ ಓದುವುದಿಲ್ಲ ಎಂದು ಕಾನೂನಿನ ಸಾಕ್ಷಿಯಾಗಿ ಪ್ರಮಾಣ ಮಾಡುವ ಇಂಥ ನಿರ್ಮೋಹ ಯಾವ ಕವಿಗೂ ಸಾಧ್ಯವಾಗಿಲ್ಲ.

ಪತ್ರದ ಜೊತೆಗೆ ಒಂದು ಕೋಷ್ಟಕವೂ ಇರುತ್ತದೆ. ಬುದ್ಧಿಶಕ್ತಿ, ಸ್ವಂತಿಕೆ, ಪ್ರೌಢಿಮೆ, ಇಂಗ್ಲಿಷ್ ಎಂದು ಸಾಲುಗಳು, ಮೇಲಿನ ಶೇ. 1, ಶೇ. 5, ಶೇ. 10 ಎಂದು ಕಾಲಮ್ಮುಗಳು. ಕಟ್ಟಕಡೆಗೆ ‘ಹೇಳಲು ಆಧಾರವಿಲ್ಲ’ ಎಂಬ ಕಾಲಮ್ಮು. ನಿಜ ಹೇಳುವವರಿಗಾಗಿಯೇ ಇಟ್ಟ ಆ ಕಾಲಮ್ಮು ನಮ್ಮ ಕಡೆಯಿಂದ ಒಂದು ಕ್ಲಿಕ್ಕನ್ನೂ ಕಂಡಿರಲಾರದು. ಎಲ್ಲರೂ ಶೇ. 1ರೊಳಗೇ. ಅರವತ್ತು ಜನರ ಸೆಕ್ಷನ್ನಿನಲ್ಲಿ ಶೇ. 1 ಎಂದರೆ ಲೆಕ್ಕದ ಪ್ರಕಾರ 0.6 ವಿದ್ಯಾರ್ಥಿ, ಅಂದರೆ ಒಬ್ಬ ಪೂರ್ತಿ ಮನುಷ್ಯನೂ ಆಗುವುದಿಲ್ಲ. ಆ ಜಾಗದಲ್ಲಿ ನಾವು ನಲವತ್ತು ಮಂದಿಯನ್ನು ಕೂರಿಸುತ್ತೇವೆ. ಬಿಎಂಟಿಸಿ ಬಸ್ಸಿನಲ್ಲಿ ಬೆಳೆದವರಿಗೆ ಇದೇನು ದೊಡ್ಡದಲ್ಲ.

ಅಮೆರಿಕದಲ್ಲೇ ನೆಲೆಸಿದ ನಮ್ಮ ಕನ್ನಡದವರಿಗೆ ಈ ಭಾಗ್ಯ ಹೈಸ್ಕೂಲಿನಲ್ಲೇ ಒದಗುತ್ತದೆ. ಎಂಐಟಿ ಒಬ್ಬ ಗಣಿತ ಅಥವಾ ವಿಜ್ಞಾನದ ಮೇಷ್ಟ್ರು, ಇನ್ನೊಬ್ಬ ಭಾಷೆ, ಇತಿಹಾಸದಂಥ ವಿಷಯದ ಮೇಷ್ಟ್ರು ಬರೆಯಲಿ ಎನ್ನುತ್ತದೆ. ಆಗ ನೋಡಿ, ಅಲ್ಲಿಯವರೆಗೆ ‘ಹಿಸ್ಟರಿ ಓದಿ ಏನು ಮಾಡ್ತೀಯಾ’ ಎನ್ನುತ್ತಿದ್ದ ಅಪ್ಪನಿಗೆ ಇತಿಹಾಸದ ಟೀಚರಿನ ಮೇಲೆ ಅಪಾರ ಗೌರವ ಹುಟ್ಟಿ, ದೀಪಾವಳಿಗೆ ಮೈಸೂರು ಪಾಕಿನ ಡಬ್ಬಿ ಶಾಲೆಗೆ ಹೋಗುತ್ತದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಮಾತ್ರ ಪದವಿ ಸೀಟಿಗೆ ಸಾಮಾನ್ಯವಾಗಿ ಈ ಪತ್ರವನ್ನೇ ಕೇಳುವುದಿಲ್ಲ. ಅಷ್ಟು ದೊಡ್ಡ ಸಂಸ್ಥೆ, ಮಕ್ಕಳಲ್ಲಿ ಗುರುಭಕ್ತಿ ಬೆಳೆಯುವ ದಾರಿಯನ್ನೇ ಮುಚ್ಚಿಬಿಟ್ಟಿದೆ.

ಇನ್ನುಳಿದದ್ದು ಕಳಿಸುವ ಕ್ರಿಯೆ. ಜೀಮೇಲ್ ನಡೆಯುವುದಿಲ್ಲ, ಕಾಲೇಜಿನ ಇಮೇಲೇ ಬೇಕು ಎಂದು ಅನೇಕ ಕಡೆ ನಿಯಮ. ಸರ್ ತಮ್ಮ ಕಾಲೇಜು ಇಮೇಲನ್ನು ತೆರೆದು ಯುಗವಾಗಿದೆ, ಪಾಸ್‌ವರ್ಡ್ ಸಿಸ್ಟಮ್ ಅಡ್ಮಿನ್‌ಗೇ ಗೊತ್ತು, ಸಿಸ್ಟಮ್ ಅಡ್ಮಿನ್ ಮದುವೆಗೆ ರಜೆ ಹಾಕಿದ್ದಾರೆ. ಕೊನೆಗೆ ಹೇಗೋ ದಾರಿಯಾಗಿ, ಹುಡುಗ ಕಂಪ್ಯೂಟರ್ ಲ್ಯಾಬಿನಲ್ಲಿ ಸರ್ ಆಗಿ ಲಾಗಿನ್ ಆಗುತ್ತಾನೆ. ಓಟಿಪಿ ಸರ್ ಫೋನಿಗೆ ಹೋಗುತ್ತದೆ. ಸರ್ ಮೂರನೇ ಮಹಡಿಯಲ್ಲಿ ಲಪ್ಲಾಸ್ ಟ್ರಾನ್ಸ್‌ಫಾರ್ಮ್ ಹೇಳುತ್ತಿದ್ದಾರೆ. ಹುಡುಗ ಬಾಗಿಲಲ್ಲಿ ಕಾಣಿಸಿಕೊಂಡಾಗ ಸೀಮೆಸುಣ್ಣ ಕೆಳಗಿಟ್ಟು, ಕನ್ನಡಕ ಹಣೆಗೇರಿಸಿ, ಫೋನನ್ನು ದೂರ ಹಿಡಿದು, ಇಡೀ ಕ್ಲಾಸಿಗೆ ಕೇಳಿಸುವಂತೆ ‘ನಾಲ್ಕು, ಏಳು, ಏಳು, ಎರಡು...’ ಎಂದು ಓದುತ್ತಾರೆ. ಜೂನಿಯರುಗಳು ನೋಟ್ಸಿನಲ್ಲಿ ಬರೆದುಕೊಳ್ಳುತ್ತಾರೆ. ಗುರುಮುಖೇನ ಮಂತ್ರೋಪದೇಶ ಎಂದರೆ ಇನ್ನೇನು?

ವೀಸಾಕ್ಕೆ ಬೇಕಾದ ಐ-20 ಪತ್ರ ಬಂದು, ವೀಸಾ ಆಗಿ, ಆಗಸ್ಟಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಅಜ್ಜಿಯ ಸಮೇತ ಫೋಟೋ ತೆಗೆದ ಮೇಲೆ ಎಚ್‌ಓಡಿ ಸರ್‌ಗೆ ಒಂದು ಕಿಲೋ ಸ್ವೀಟು, ಗೈಡ್‌ಗೆ ಅರ್ಧ. ಲ್ಯಾಬಿನ ಮ್ಯಾಮ್‌ಗೆ ವಾಟ್ಸಾಪ್ ಸ್ಟೇಟಸ್ಸಿನಿಂದ ಗೊತ್ತಾಗುತ್ತದೆ. ಅವರು ಅದಕ್ಕೆ ಒಂದು ಹಾರ್ಟ್ ಒತ್ತಿ, ಅವತ್ತಿನ ಬ್ಯಾಚಿನ ರೆಕಾರ್ಡು ತಿದ್ದಲು ಕೂರುತ್ತಾರೆ. ಅವರಿಗೂ ಇದರಿಂದ ಲಾಭವೇ ಅಲ್ಲವೆ, ಒಂದು ಪತ್ರ ಬರೆಯುವ ಶ್ರಮ ಉಳಿಯಿತು.

ಈ ಸಲ ಅರ್ಜಿ ಹಾಕುವ ಮಕ್ಕಳಿಗೆ ಒಂದೇ ವಿನಂತಿ. ಡಿಸೆಂಬರ್ 15ರ ರಾತ್ರಿ 11:59 ಎಂದು ಅಮೆರಿಕದ ಪೂರ್ವ ಕರಾವಳಿಯ ವಿಶ್ವವಿದ್ಯಾಲಯ ಹೇಳಿದರೆ ನಮ್ಮಲ್ಲಿ ಅದು 16ರ ಬೆಳಗ್ಗೆ 10:29. ಆ ಹೊತ್ತಿಗೆ ಸರ್ ಇಂಟರ್ನಲ್ಸ್ ಇನ್ವಿಜಿಲೇಷನ್‌ನಲ್ಲಿರುತ್ತಾರೆ, ಫೋನು ಒಳಗೆ ಬಿಡುವುದಿಲ್ಲ. ನಿಮ್ಮ ಬಗ್ಗೆ ಅವರಿಗಿರುವ ಅಭಿಪ್ರಾಯವನ್ನು ದಯವಿಟ್ಟು ಹಿಂದಿನ ದಿನವೇ ಬರೆದು ಮುಗಿಸಿ.